ಕೊತ್ತಿಗಂಡಿ

ಬಯಲುಸೀಮೆಯ ಮೂಡಣ ಅಂಚಿನಲ್ಲಿ, ಮಣ್ಣೆಲ್ಲ ಮುಗಿದು ಇನ್ನು ಬಂಡೆಯೊಂದೇ ಉಳಿಯಿತೇನೋ ಎನ್ನಿಸುವ ಕಡೆ, ಕೊತ್ತಿಗಂಡಿ ಎಂಬ ಬೆಟ್ಟವಿದೆ. ಆನೆಗಾತ್ರದ ಗುಂಡುಗಳು ಒಂದಕ್ಕೊಂದು ಆತುಕೊಂಡು ನಿಂತಿವೆ. ಅವುಗಳ ನಡುವೆ ಒಬ್ಬ ಮನುಷ್ಯ ಅಡ್ಡಡ್ಡವಾಗಿ ನುಸುಳಬಹುದಾದ ಸಂದಿಯೊಂದಿದ್ದು, ಮೇಲೆ ಹತ್ತುವ ಹಾದಿ ಅದರೊಳಗಿಂದಲೇ ಹೋಗುತ್ತದೆ. ನೆತ್ತಿಯಲ್ಲಿ ಕುಸಿದ ಕೋಟೆಗೋಡೆ, ನೀರು ಬತ್ತಿದ ಎರಡು ದೊಣೆ, ಚಪ್ಪಡಿ ಹೊದಿಸಿದ ಒಂದು ಉದ್ದನೆಯ ಕಲ್ಲುಮನೆ. ಈ ಸೀಮೆಯವರು ಬೆಕ್ಕಿಗೆ ಕೊತ್ತಿ ಎನ್ನುತ್ತಾರೆ. ಹಿಂದೆ ಆ ಬಂಡೆಗಳ ಸಂದಿಯಲ್ಲಿ ಕಾಡುಕೊತ್ತಿಗಳು ಇದ್ದಿರಬೇಕು, ಅದಕ್ಕೇ ಈ ಹೆಸರು ಎಂದು ರಸ್ತೆ ಅಳೆಯಲು ಬಂದಿದ್ದ ಎಂಜಿನಿಯರೊಬ್ಬರು ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಹೋದರಂತೆ. ಊರಿನ ಹಿರಿಯರು ಅದನ್ನು ಕೇಳಿ ನಕ್ಕುಬಿಡುತ್ತಾರೆ. ಬೆಟ್ಟಕ್ಕೆ ಹೆಸರು ಬಂದದ್ದು ಬಂಡೆಗಳ ನಡುವಿನ ಆ ಕಂಡಿಯಿಂದಲ್ಲ, ಅದಕ್ಕಿಂತ ಬಹಳ ಸಣ್ಣದೊಂದು ಕಂಡಿಯಿಂದ. ಅದಕ್ಕಾಗಿ ಒಬ್ಬ ಹೆಂಗಸು ತನ್ನ ಜೀವವನ್ನೇ ಪಣಕ್ಕೊಡ್ಡಿದ್ದಳು ಎನ್ನುತ್ತಾರೆ.

ಹಿಂದೆ ಒಮ್ಮೆ, ಬೆಟ್ಟಕ್ಕೊಬ್ಬ ಪಾಳೆಯಗಾರನಿದ್ದ ಕಾಲದಲ್ಲಿ, ಇದು ಮುದಿಯಪ್ಪನಾಯಕನ ಕೈಯಲ್ಲಿತ್ತು. ಕೆಳಗಿನ ಹದಿನೇಳು ಹಳ್ಳಿಗಳು ಅವನವು. ಸುಗ್ಗಿ ಮುಗಿಯುವುದನ್ನೇ ಕಾದು ಕುದುರೆ ದಂಡುಗಳು ಬರುತ್ತಿದ್ದ ದಿನಗಳವು. ಅವು ಊರಿಗೆ ಬೆಂಕಿಯಿಟ್ಟು, ನೆಲದೊಳಗಿನ ಹಗೇವುಗಳನ್ನು ಬಗೆದು, ಕಾಳನ್ನೆಲ್ಲ ಹೇರಿಕೊಂಡು ಹೋಗುತ್ತಿದ್ದವು. ಅದಕ್ಕೇ ಉಣ್ಣುವ ಕಾಳನ್ನು ಊರಲ್ಲೇ ಹೂತಿಟ್ಟರೂ ಬಿತ್ತನೆಯ ಕಾಳನ್ನು ಮಾತ್ರ ಬೆಟ್ಟದ ಮೇಲಿನ ಕಣಜದಲ್ಲಿ ಕಾಪಾಡುವ ಪದ್ಧತಿ ಬಂದಿತ್ತು. ಆ ಕಲ್ಲುಮನೆಯೇ ಕಣಜ. ಒಳಗೆ ಆಳೆತ್ತರದ ಹನ್ನೆರಡು ಮಣ್ಣಿನ ವಾಡೆಗಳು, ಅವುಗಳ ತುಂಬ ರಾಗಿ, ನವಣೆ, ಸಜ್ಜೆ, ಅವರೆ. ಯುಗಾದಿಯ ಮರುದಿನ ಹದಿನೇಳು ಊರಿನ ಗೌಡರು ಬಂದು ತಮ್ಮ ತಮ್ಮ ಊರಿನ ಬೀಜವನ್ನು ಕೊಂಡೊಯ್ಯುತ್ತಿದ್ದರು. ಕಣಜಕ್ಕೆ ಇದ್ದದ್ದು ಒಂದೇ ಬಾಗಿಲು. ಹೊನ್ನೆಮರದ್ದು, ನಾಲ್ಕು ಬೆರಳು ದಪ್ಪ. ಸಂಜೆ ತಳವಾರ ಬಂದು, ಬಾಗಿಲು ಚೌಕಟ್ಟು ಕೂಡುವಲ್ಲಿ ಸಗಣಿ ಮೆತ್ತಿ ನಾಯಕನ ಮುದ್ರೆ ಒತ್ತುವನು. ಬೆಳಿಗ್ಗೆ ಅವನೇ ಬಂದು ಮುದ್ರೆ ನೋಡಿ ಒಡೆಯಬೇಕು. ನಾಯಕನ ಅಜ್ಜನ ಕಾಲದಲ್ಲಿ ಯಾರೋ ಕಣಜದ ಗೋಡೆಗೆ ತೂತು ಕೊರೆದು, ಕೋಟೆಯ ಅನ್ನವನ್ನು ಹೊರಗೆ ಸಾಗಿಸಿ, ಒಳಗಿದ್ದವರೆಲ್ಲ ಹಸಿದು ಶತ್ರುವಿಗೆ ಬಾಗಿಲು ತೆರೆಯುವಂತೆ ಮಾಡಿದ್ದರಂತೆ. ಅಂದಿನಿಂದ ಒಂದೇ ಕಟ್ಟಳೆ. ಕಣಜಕ್ಕೆ ಬೆರಳು ತೂರುವಷ್ಟು ತೂತು ಮಾಡಿದವರನ್ನೂ ಪಡುವಣ ಬಂಡೆಯಿಂದ ಕೆಳಗೆ ನೂಕುವುದು.

ಕಣಜ ಕಾಯುತ್ತಿದ್ದವಳು ಮಾಳವ್ವ. ಗಂಡ ಹಾವು ಕಡಿದು ಸತ್ತಾಗ, ಮಕ್ಕಳಿಲ್ಲದ ಅವಳಿಗೇ ನಾಯಕ ಬೀಗದ ಕೈ ಕೊಟ್ಟಿದ್ದ. ಅವಳು ಕಣ್ಣು ಮುಚ್ಚಿ ಮುಟ್ಟಿದರೂ ಯಾವ ಊರಿನ ರಾಗಿ ಎಂದು ಹೇಳುತ್ತಿದ್ದಳಂತೆ. ಕಣಜದ ಪಕ್ಕದಲ್ಲೇ ಬಂಡೆಗೆ ಒರಗಿಸಿ ಕಟ್ಟಿದ ಒಂದಂಕಣದ ಗುಡಿಸಲು ಅವಳ ಮನೆ. ಹೆಚ್ಚು ಮಾತಿನವಳಲ್ಲ, ಬೀಜ ಎಂದರೆ ಮುಂದಿನ ವರ್ಷದ ಊಟ ಎಂಬುದು ಅವಳ ಮೈಗೇ ಗೊತ್ತಿತ್ತು.

ಆ ವರ್ಷದ ಪುಷ್ಯದಲ್ಲಿ ಹೊಲಗಳು ಬರಿದಾದದ್ದೇ ತಡ, ಇಲಿಗಳು ಬೆಟ್ಟ ಹತ್ತಿದವು. ಮೊದಲು ಒಂದೆರಡು, ಆಮೇಲೆ ಹಿಂಡು ಹಿಂಡು. ಚಪ್ಪಡಿಗಳ ಸಂದಿಯಿಂದ, ಅಡಿಗಲ್ಲುಗಳ ಕೆಳಗಿನಿಂದ ಒಳಗೆ ಬಂದು ವಾಡೆಗಳ ಬುಡವನ್ನು ಕೆರೆಯತೊಡಗಿದವು. ಮಾಳವ್ವ ಬೇವಿನ ಸೊಪ್ಪು ತುಂಬಿದಳು, ಮೆಣಸಿನಕಾಯಿ ಹೊಗೆ ಹಾಕಿದಳು, ಬೋನು ಇಟ್ಟಳು. ಹತ್ತು ಸತ್ತರೆ ಮೂವತ್ತು ಬಂದವು. ಒಂದು ಬೆಳಿಗ್ಗೆ ಮೂಲೆಯ ವಾಡೆಯನ್ನು ತಟ್ಟಿ ನೋಡಿದರೆ ಡೊಳ್ಳಿನಂತೆ ಸದ್ದು ಬಂತು. ಒಳಗೆ ಹೊಟ್ಟು ಬಿಟ್ಟರೆ ಏನೂ ಇರಲಿಲ್ಲ. ಅವಳು ತಾನಾಗಿಯೇ ಹೋಗಿ ನಾಯಕನಿಗೆ ಹೇಳಿದಳು. ಅವನು ಬಂದು, ಬರಿದಾದ ವಾಡೆಯೊಳಗೆ ಕೈಹಾಕಿ, ಹೊಟ್ಟನ್ನು ಬೆರಳ ಸಂದಿಯಿಂದ ಉದುರಿಸಿದ.

"ಒಂದು ತಿಂಗಳಿಗೆ ಒಂದು ವಾಡೆ ತಿಂದು ಮುಗಿಸೋ ಇಲಿ ನಮ್ಮಪ್ಪನ ಕಾಲದಲ್ಲಿ ಇರಲಿಲ್ಲ, ಮಾಳವ್ವ."

"ಈಗ ಇವೆ, ಬುದ್ಧಿ."

"ಇರಲಿ. ಯುಗಾದಿಗೆ ಮಿಕ್ಕ ಹನ್ನೊಂದೂ ತುಂಬಿರಬೇಕು. ಇಲ್ಲದಿದ್ರೆ ಈ ಇಲಿಗೆ ಕಾಲು ನಾಲ್ಕೋ ಎರಡೋ ಅಂತ ನಿನ್ನನ್ನೇ ಕೇಳಬೇಕಾಗುತ್ತೆ."

ಅವನು ದನಿ ಏರಿಸಿರಲಿಲ್ಲ. ಅದೇ ಅವಳ ಎದೆಗೆ ತಣ್ಣಗೆ ತಟ್ಟಿತು. ಯುಗಾದಿಗೆ ಇನ್ನು ಐವತ್ತು ದಿನವೂ ಇರಲಿಲ್ಲ.

ಇಲಿಗಳ ಬೆನ್ನು ಹಿಡಿದು ಕಾಡುಕೊತ್ತಿಗಳೂ ಬೆಟ್ಟಕ್ಕೆ ಬಂದಿದ್ದವು. ಆ ಕಾಲಕ್ಕೆ ಕೊತ್ತಿಯನ್ನು ಮನೆಯಲ್ಲಿ ಕಂಡವರೇ ಈ ಸೀಮೆಯಲ್ಲಿರಲಿಲ್ಲವಂತೆ. ಅದು ನರಿ, ಕಿರುಬಗಳ ಹಾಗೆ ಕಾಡಿನ ಪ್ರಾಣಿ, ಕೋಳಿ ಕದಿಯುವ ಕಳ್ಳ. ಎದುರು ಬಂದರೆ ಕಲ್ಲು ಬೀರುವುದು ವಾಡಿಕೆ. ಆ ತಿಂಗಳಲ್ಲೇ ನಾಯಕನ ಅಚ್ಚುಮೆಚ್ಚಿನ ಜೂಜಿನ ಹುಂಜವನ್ನು ಒಂದು ಕೊತ್ತಿ ಎತ್ತಿಕೊಂಡು ಹೋಗಿತ್ತು. ಬೆಟ್ಟದ ಮೇಲೆ ಒಂದೂ ಕೊತ್ತಿ ಉಳಿಯಕೂಡದು ಎಂದು ನಾಯಕ ಬಲೆಗಾರ ಓಬಳನಿಗೆ ಅಪ್ಪಣೆ ಮಾಡಿದ್ದ. ಓಬಳ ಮೊಲ, ಕೌಜುಗ ಹಿಡಿಯುತ್ತಿದ್ದ ನಡುವಯಸ್ಸಿನ ಬೇಟೆಗಾರ. ಅವನು ಕೊಂದ ಕೊತ್ತಿಗಳನ್ನು ಕೋಲಿಗೆ ಕಟ್ಟಿಕೊಂಡು ಕಣಜದ ಮುಂದೆ ಹಾದುಹೋಗುತ್ತಿದ್ದ. ಒಂದು ಸಲ ಮಾಳವ್ವ ಹತ್ತಿರ ಹೋಗಿ, ಸತ್ತ ಕೊತ್ತಿಯೊಂದರ ಹೊಟ್ಟೆಯನ್ನು ಒತ್ತಿ ನೋಡಿದಳು. ಗಟ್ಟಿಯಾಗಿತ್ತು.

"ಇದರ ಹೊಟ್ಟೇಲಿ ಏನೈತೆ ಓಬಳ?"

"ಇಲಿ, ಅವ್ವಾ. ಎಲ್ಲದರಲ್ಲೂ ಇಲೀನೇ. ಕೋಳಿ ತಿಂದಿದ್ದು ನಾನು ಕೊಯ್ದ ಒಂಬತ್ತರಲ್ಲಿ ಒಂದೇ."

ಕಾಯುವವರನ್ನು ಕೊಂದು ಕಳ್ಳರನ್ನು ಸಾಕುತ್ತಿದ್ದೇವೆ ಎಂದು ಮಾಳವ್ವನಿಗೆ ಅನ್ನಿಸಿತು. ಮಿಕ್ಕವುಗಳಲ್ಲಿ ಒಂದು ಹೆಣ್ಣುಕೊತ್ತಿಯನ್ನಾದರೂ ಜೀವಸಹಿತ ಹಿಡಿದುಕೊಡು ಎಂದು ಅವನನ್ನು ಬೇಡಿಕೊಂಡಳು. ಸಿಕ್ಕಿಬಿದ್ದರೆ ಇಬ್ಬರಿಗೂ ಉಳಿಗಾಲವಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆದರೆ ಅವನ ಹೆಂಡತಿಯ ತವರಿನ ಬೀಜವೂ ಆ ಹನ್ನೊಂದು ವಾಡೆಗಳಲ್ಲಿತ್ತು. ನಾಲ್ಕು ದಿನದ ಮೇಲೆ ಗೋಣಿಚೀಲದಲ್ಲಿ ಬೂದುಬಣ್ಣದ, ಉದ್ದಕಾಲಿನ, ಬಾಲಕ್ಕೆ ಕಪ್ಪು ಬಳೆ ತೊಟ್ಟಂಥ ಒಂದು ಕೊತ್ತಿಯನ್ನು ತಂದು ಕಣಜದೊಳಗೆ ಬಿಟ್ಟ. ಮಾಳವ್ವ ಬಾಗಿಲು ಹಾಕಿಕೊಂಡಳು.

ಅವಳು ಎಣಿಸಿದಂತೆ ಏನೂ ಆಗಲಿಲ್ಲ. ಕೊತ್ತಿ ಇಲಿಯ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆಯಿಂದ ಗೋಡೆಗೆ ಹಾರಿತು, ಚಪ್ಪಡಿಗೆ ತಲೆ ಬಡಿದುಕೊಂಡಿತು, ಬಾಗಿಲನ್ನು ಉಗುರಿನಿಂದ ಕೆರೆದು ಕೆರೆದು ರಕ್ತ ಮಾಡಿಕೊಂಡಿತು. ಹಿಡಿಯಹೋದ ಮಾಳವ್ವನ ಮುಂಗೈಯನ್ನು ಸೀಳಿತು. ಎರಡು ದಿನ ನೀರು ಮುಟ್ಟದೆ ವಾಡೆಯ ಮೇಲೆ ಮುದುಡಿ ಕೂತು, ಕಣ್ಣು ಮಾತ್ರ ಬಾಗಿಲಿನ ಕಡೆ ನೆಟ್ಟಿತ್ತು. ಕೆಳಗೆ ಇಲಿಗಳು ನಿರ್ಭಯವಾಗಿ ಕಾಳು ಮೆಲ್ಲುತ್ತಿದ್ದವು. ಓಬಳ ಬಂದು ನೋಡಿ ತಲೆಯಾಡಿಸಿದ.

"ನಾಯಿ ಹಂಗಲ್ಲ ಅವ್ವಾ ಇದು. ಕಟ್ಟಿದ್ರೆ, ಕೂಡಿದ್ರೆ ಸಾಯ್ತದೆ. ಹೊರಗೆ ಹೋಗೋ ದಾರಿ ಕಣ್ಣಿಗೆ ಕಾಣ್ತಾ ಇದ್ರೆ ಮಾತ್ರ ಇದು ಒಳಗಿರೋದು."

ಮಾಳವ್ವ ಬಾಗಿಲು ತೆರೆದಳು. ಕೊತ್ತಿ ಬಾಣದಂತೆ ಹೊರಬಿದ್ದು ಬಂಡೆಗಳ ನಡುವೆ ಮಾಯವಾಯಿತು. ಇಲ್ಲಿಗೆ ಮುಗಿಯಿತು ಎಂದುಕೊಂಡಳು. ಆದರೆ ಮೂರನೆಯ ದಿನ ಇಳಿಹೊತ್ತಿನಲ್ಲಿ ಅದು ಎದುರಿನ ಗುಂಡಿನ ಮೇಲೆ ಕೂತಿತ್ತು. ಕಣಜದೊಳಗಿನ ಕಿಚಕಿಚ ಸದ್ದಿಗೆ ಅದರ ಕಿವಿ ತಿರುಗುತ್ತಿತ್ತು, ಮುಚ್ಚಿದ ಬಾಗಿಲನ್ನೇ ನೋಡುತ್ತಿತ್ತು. ಮರುದಿನವೂ ಬಂತು. ಅದರ ಮರುದಿನವೂ. ಅದಕ್ಕೆ ಬೇಕಾದದ್ದು ಇವಳ ಬಳಿ ಇತ್ತು, ಇವಳಿಗೆ ಬೇಕಾದದ್ದು ಅದರ ಬಳಿ. ನಡುವೆ ನಾಲ್ಕು ಬೆರಳು ದಪ್ಪದ ಹೊನ್ನೆಮರ. ಅಷ್ಟರಲ್ಲಿ ಇನ್ನೊಂದು ವಾಡೆಯ ಬುಡದಲ್ಲಿ ಪುಡಿಮಣ್ಣು ಕಾಣಿಸಿಕೊಂಡಿತ್ತು.

ಆ ರಾತ್ರಿಯೆಲ್ಲ ಮಾಳವ್ವ ನಿದ್ದೆ ಮಾಡಲಿಲ್ಲ ಎನ್ನುತ್ತಾರೆ. ಬೆಳಗಾದ ಮೇಲೆ ಓಬಳನ ಬಳಿ ಹೋಗಿ ಉಳಿ ಕೇಳಿದಳು. ಯಾಕೆ ಎಂದು ಅವನು ಕೇಳಲಿಲ್ಲ. ಅಂದು ನಾಯಕ ಹುಂಜದ ಜೂಜಿಗೆಂದು ಪಕ್ಕದ ಪಾಳೆಯಕ್ಕೆ ಹೋಗಿದ್ದ. ಕಾವಲಿನವರು ಮಧ್ಯಾಹ್ನದ ಬಿಸಿಲಿಗೆ ಮಂಟಪ ಸೇರಿದ್ದರು. ಮಾಳವ್ವ ಕಣಜದ ಬಾಗಿಲ ಪಕ್ಕ ಕೂತು, ಒರಳಿನಲ್ಲಿ ರಾಗಿ ಕುಟ್ಟುವವಳಂತೆ ಒನಕೆಯನ್ನು ಒಂದು ಸಲ ಕುಟ್ಟುವಳು, ಉಳಿಗೆ ಒಂದು ಏಟು ಹಾಕುವಳು. ಉಳಿಯ ತುದಿ ಬಾಗಿಲಿನ ಆಚೆ ಬದಿಗೆ ತೂರಿದಾಗ ಕೈ ತಾನಾಗಿ ನಿಂತಿತು. ಬೆರಳು ತೂರುವಷ್ಟು ತೂತು ಆಗಿಹೋಗಿತ್ತು. ಇನ್ನು ಎಷ್ಟು ದೊಡ್ಡದಾದರೂ ಶಿಕ್ಷೆ ಒಂದೇ. ಹೊತ್ತು ಇಳಿಯುವಷ್ಟರಲ್ಲಿ ಬಾಗಿಲಿನ ಬಲಗಡೆ ಬುಡದಲ್ಲಿ ಒಂದು ಗೇಣು ಎತ್ತರದ ಕಂಡಿಯಾಯಿತು. ಚಕ್ಕೆಗಳನ್ನು ಒಲೆಗೆ ಹಾಕಿ, ಕಂಡಿಗೆ ಒಂದು ಮೊರ ಒರಗಿಸಿದಳು.

ಅಂದಿನಿಂದ ಅವಳ ಬಾಳು ಆ ಮೊರದ ಹಿಂದೆ ಅಡಗಿತು. ಸಂಜೆ ಮುದ್ರೆ ಒತ್ತಿ ತಳವಾರ ಹೋದ ಮೇಲೆ ಮೊರ ತೆಗೆಯುವಳು, ಬೆಳಿಗ್ಗೆ ಅವನು ಬರುವ ಮುಂಚೆ ಇಡುವಳು. ಎರಡು ದಿನ ಕೊತ್ತಿ ಕಂಡಿಯನ್ನು ಮೂಸಿ ಹಿಂದೆ ಸರಿಯಿತು. ಮೂರನೆಯ ದಿನ ತಲೆ ಹಾಕಿತು, ಹಿಂದೆ ತೆಗೆಯಿತು, ಮತ್ತೆ ತಲೆ ಹಾಕಿತು. ನಾಲ್ಕನೆಯ ದಿನ ಒಳಗೆ ಹೋಯಿತು. ಬೆಳಿಗ್ಗೆ ಬಾಗಿಲು ತೆಗೆದಾಗ ನೆಲದ ಮೇಲೆ ಹದಿಮೂರು ಇಲಿ ಸತ್ತುಬಿದ್ದಿದ್ದವು. ಮಾಳವ್ವ ಅವುಗಳ ನಡುವೆ ಕೂತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳಂತೆ. ಹದಿನೈದು ದಿನದಲ್ಲಿ ವಾಡೆಯ ಬುಡ ಕೆರೆಯುವ ಸದ್ದು ನಿಂತಿತು. ಅಷ್ಟೇ ಅಲ್ಲ, ಬರಿದಾದ ಮೂಲೆಯ ವಾಡೆಯೊಳಗೆ, ಹೊಟ್ಟಿನ ಮೇಲೆ, ಕೊತ್ತಿ ನಾಲ್ಕು ಮರಿ ಹಾಕಿತು.

ಯುಗಾದಿಗೆ ಎರಡು ದಿನವಿತ್ತು. ತಳವಾರ ಕಾಟಯ್ಯ ಅಂದು ಸಂಜೆ ಎಂದಿಗಿಂತ ಬೇಗ ಬಂದ. ಮರಿಗಳಿದ್ದ ಕೊತ್ತಿ ಹಗಲೂ ಹೋಗಿಬರಲೆಂದು ತೆಗೆದಿಟ್ಟಿದ್ದ ಮೊರವನ್ನು ಹುಡುಕುವಷ್ಟೂ ಹೊತ್ತು ಮಾಳವ್ವನಿಗಿರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಕಂಡಿಗೆ ಅಡ್ಡವಾಗಿ ಕೂತುಬಿಟ್ಟಳು. ಕಾಟಯ್ಯ ಸಗಣಿ ಕಲಸಿದ, ಮೆತ್ತಿದ, ಮುದ್ರೆ ಒತ್ತಿದ. ಒಳಗಿದ್ದ ಕೊತ್ತಿ ಹೊರಗೆ ಬರಲು ನೋಡಿತು. ಮೊದಲು ಅದರ ಬಿಸಿಯುಸಿರು ಅವಳ ಬೆನ್ನಿಗೆ ತಾಗಿತು, ಆಮೇಲೆ ಪಂಜ. ದಾರಿ ಮುಚ್ಚಿದ್ದು ಕಂಡು ಅದು ಕೆರೆಯತೊಡಗಿತು. ಉಗುರು ಸೀರೆ ಹರಿದು ಚರ್ಮಕ್ಕೆ ಇಳಿಯಿತು. ಮಾಳವ್ವ ಅಲುಗಾಡಲಿಲ್ಲ.

"ಯಾಕವ್ವ, ಮುಖ ಹಿಂಗಾಗೈತೆ?" ಎಂದ ಕಾಟಯ್ಯ.

"ಬೆನ್ನುನೋವು ಕಣಯ್ಯ. ಎದ್ದೇಳಕ್ಕೆ ಆಗ್ತಿಲ್ಲ."

"ಕೈ ಕೊಡ್ಲಾ?"

"ಬ್ಯಾಡ. ನೀನು ಹೋಗು. ಇಲ್ಲೇ ಒಂದಿಷ್ಟು ಹೊತ್ತು ಕೂತಿರ್ತೀನಿ."

ಅವನು ಹೋದ. ಅವಳು ಪಕ್ಕಕ್ಕೆ ಉರುಳಿಕೊಂಡಾಗ ಕೊತ್ತಿ ಅವಳ ಮೇಲಿಂದಲೇ ಹಾರಿ ಹೋಯಿತು. ಆದರೆ ಬೆಳಿಗ್ಗೆ ಮುದ್ರೆ ಒಡೆಯಲು ಬಂದ ಕಾಟಯ್ಯನಿಗೆ ಹೊಸ್ತಿಲ ಮೇಲೆ ಒಣಗಿದ ರಕ್ತ ಕಾಣಿಸಿತು. ಅವನು ಮೊರವನ್ನು ಕಾಲಿನಿಂದ ಸರಿಸಿದ. ಕಂಡಿಯನ್ನು ನೋಡಿದ. ಅವಳ ಮುಖವನ್ನು ನೋಡಿದ. ಮೊರವನ್ನು ಮತ್ತೆ ಇದ್ದ ಹಾಗೆಯೇ ಇಟ್ಟು ನೇರವಾಗಿ ನಾಯಕನ ಬಳಿಗೆ ನಡೆದ. ಅವನು ಕೆಟ್ಟವನಲ್ಲ, ಮುಚ್ಚಿಟ್ಟಿದ್ದರೆ ಅವನೂ ಅದೇ ಬಂಡೆಗೆ ಹೋಗಬೇಕಿತ್ತು ಎಂದು ಹಿರಿಯರು ಇಲ್ಲಿ ತಪ್ಪದೆ ಹೇಳುತ್ತಾರೆ.

ನಾಯಕ ಎರಡು ದಿನ ಏನೂ ಮಾಡಲಿಲ್ಲ. ಓಡಿಹೋಗು ಎಂದು ಓಬಳ ಹೇಳಿದರೆ ಮಾಳವ್ವ, "ನಾನು ಹೋದ್ರೆ ಮೊದಲು ಆ ಕಂಡಿ ಮುಚ್ತಾರೆ" ಎಂದಳಂತೆ. ಯುಗಾದಿಯ ಮರುದಿನ ಹದಿನೇಳು ಊರಿನ ಗೌಡರು ಎತ್ತು, ಚೀಲಗಳ ಸಮೇತ ಕಣಜದ ಮುಂದೆ ಸೇರಿದಾಗ ನಾಯಕ ಬಂದ. ಎಲ್ಲರೂ ನೋಡುವಂತೆ ಮೊರವನ್ನು ಎತ್ತಿ ಎಸೆದ.

"ಇದನ್ನ ಕೊರೆದವರು ಯಾರು?"

"ನಾನು, ಬುದ್ಧಿ."

"ಕಟ್ಟಳೆ ಗೊತ್ತೇನು?"

"ಗೊತ್ತು. ಮೊದಲು ವಾಡೆ ತೆಗೆಸಿ ನೋಡಿ. ಬೀಜ ಹಂಚಿದ ಮೇಲೆ ನಾನೇ ಬಂಡೆಗೆ ಬರ್ತೀನಿ."

"ಉಳಿ ನನ್ನದು" ಎಂದು ಓಬಳ ಗುಂಪಿನಿಂದ ಮುಂದೆ ಬಂದು ಅವಳ ಪಕ್ಕದಲ್ಲಿ ನಿಂತ. ಕೈಯಲ್ಲಿದ್ದ ಬಲೆಯನ್ನು ನಾಯಕನ ಕಾಲ ಬಳಿ ಇಟ್ಟ. "ಕೊತ್ತಿ ಹೊಡಿಯೋ ಕೆಲಸಾನೂ ಇನ್ನು ನನ್ನಿಂದ ಆಗಲ್ಲ."

ವಾಡೆಗಳನ್ನು ಒಂದೊಂದಾಗಿ ತೆಗೆದರು. ಹನ್ನೊಂದೂ ತುಂಬಿದ್ದವು. ಮೂಲೆಯ ಹನ್ನೆರಡನೆಯದರೊಳಗಿಂದ ತಾಯಿಕೊತ್ತಿ ಬೆನ್ನು ಬಿಲ್ಲಿನಂತೆ ಮಾಡಿ ಬುಸುಗುಟ್ಟಿತು. ಅದರ ಹಿಂದೆ ನಾಲ್ಕು ಮರಿ. ನಾಯಕ ಅದನ್ನೇ ದಿಟ್ಟಿಸಿದ. ತನ್ನ ಹುಂಜ ಅವನಿಗೆ ನೆನಪಾಗಿರಬೇಕು. ಆದರೆ ಅವನು ಕೊತ್ತಿಯ ಮಾತೇ ಎತ್ತಲಿಲ್ಲ. "ಬೀಜ ಉಳಿದಿದೆ, ಸರಿ. ಇವತ್ತು ಇಲಿ ಓಡಿಸೋಕೆ ಒಂದು ಕಂಡಿ. ನಾಳೆ ಅದೇ ಕಂಡೀಲಿ ಮನುಷ್ಯನ ಕೈ ಬರುತ್ತೆ. ನಮ್ಮಜ್ಜ ಕಂಡದ್ದು ಅದನ್ನೇ" ಎಂದು ಹೇಳಿ, ಬೀಜ ಹಂಚಲು ಕೈಸನ್ನೆ ಮಾಡಿದ. ಚೀಲಗಳು ತುಂಬಿದವು. ಕೊನೆಯ ಚೀಲ ಕಟ್ಟಿದ ಮೇಲೆ ಕಾವಲಿನ ಇಬ್ಬರು ಬಂದು ಮಾಳವ್ವನ ಎರಡೂ ಪಕ್ಕ ನಿಂತರು. ಅವಳು ಸೊಂಟದಿಂದ ಬೀಗದ ಕೈ ಬಿಚ್ಚಿ ಹೊಸ್ತಿಲ ಮೇಲಿಟ್ಟು ಪಡುವಣ ಬಂಡೆಯ ಕಡೆ ನಡೆದಳು. ಓಬಳನೂ ನಡೆದ.

ಹತ್ತು ಹೆಜ್ಜೆ ಹೋಗಿರಬಹುದು. ಹಿಂದೆ ಧೊಪ್ಪನೆ ಸದ್ದಾಯಿತು. ಗೌಡರಲ್ಲಿ ಎಲ್ಲರಿಗಿಂತ ಹಿರಿಯನಾದ ಸಣ್ಣೀರೇಗೌಡ, ಹೆಗಲಿಗೇರಿಸಿದ್ದ ಬೀಜದ ಚೀಲವನ್ನು ನೆಲಕ್ಕೆ ಹಾಕಿದ್ದ. "ನಮ್ಮೂರಿಗೆ ಈ ಬೀಜ ಬ್ಯಾಡ, ಬುದ್ಧಿ" ಎಂದ. "ಇದನ್ನ ಉಳಿಸಿದವಳನ್ನ ನೂಕಿ, ಅದೇ ಕಾಳನ್ನ ಮಣ್ಣಿಗೆ ಹಾಕಕ್ಕೆ ನನ್ನ ಕೈ ಬರಲ್ಲ." ಪಕ್ಕದವನು ತನ್ನ ಚೀಲ ಇಳಿಸಿದ. ಆಮೇಲೆ ಇನ್ನೊಬ್ಬ. ಚೀಲಗಳು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಹದಿನೇಳನೆಯವನು ಎತ್ತಿನ ಮೇಲೆ ಹೇರಿದ್ದನ್ನೂ ಬಿಚ್ಚಿ ಕೆಳಗಿಟ್ಟ. ಬಿತ್ತದ ಹೊಲಕ್ಕೆ ನಾಯಕನೂ ಬೇಡ, ಕೋಟೆಯೂ ಬೇಡ ಎಂಬುದು ಅಲ್ಲಿದ್ದವರಿಗೆಲ್ಲ ತಿಳಿದಿತ್ತು. ಮುದಿಯಪ್ಪನಾಯಕನಿಗೂ ತಿಳಿದಿತ್ತು. ಅವನು ಬಗ್ಗಿ, ಹೊಸ್ತಿಲ ಮೇಲಿನ ಬೀಗದ ಕೈಯನ್ನು ತಾನೇ ಎತ್ತಿಕೊಂಡ.

"ಬಾಗಿಲಿಗೆ ಕಂಡಿ ಇಟ್ಟವಳ ಕೈಯಲ್ಲಿ ಬೀಗ ಇರಕೂಡದು. ಇವಳು ಬೆಟ್ಟ ಇಳೀಲಿ. ಓಬಳನೂ ಇಳೀಲಿ. ಜೀವ ಇರಲಿ." ಆಮೇಲೆ, ಯಾರ ಮುಖವನ್ನೂ ನೋಡದೆ, "ಕಂಡಿ ಇದ್ದ ಹಾಗೇ ಇರಲಿ" ಎಂದ.

ಮಾಳವ್ವ ಇಪ್ಪತ್ತು ವರ್ಷ ಕಾಯ್ದ ಕಣಜವನ್ನು ಬಿಟ್ಟು, ಒಂದು ಗಂಟು ಹೊತ್ತುಕೊಂಡು ಇಳಿದುಬಂದಳು. ಬುಡದಲ್ಲಿ, ಈಗ ಊರಿರುವ ಕಡೆ, ಓಬಳನೂ ಅವನ ಹೆಂಡತಿಯೂ ಅವಳಿಗೊಂದು ಗುಡಿಸಲು ಹಾಕಿಕೊಟ್ಟರು. ನೂಕದೆ ಬಿಟ್ಟರೂ ನೂಕಿದಂತೆಯೇ ಆಗಿತ್ತು ಅವಳಿಗೆ. ದಿನಗಟ್ಟಲೆ ಒಲೆ ಹಚ್ಚದೆ ಕೂತಿರುತ್ತಿದ್ದಳು. ಮುಂಗಾರಿನ ಮೊದಲ ಮಳೆ ಬಿದ್ದು, ಹದಿನೇಳು ಊರಿನಲ್ಲೂ ಬಿತ್ತನೆ ಮುಗಿದ ಒಂದು ದಿನ, ಗುಡಿಸಲಿನ ಬಾಗಿಲ ತಟ್ಟಿಯನ್ನು ಯಾರೋ ಕೆರೆದಂತಾಯಿತು. ನೋಡಿದರೆ ನಾಲ್ಕು ಮರಿಗಳಲ್ಲಿ ಒಂದು. ಈಗ ಬೆಳೆದಿತ್ತು; ಮೈಯೆಲ್ಲ ನೆಂದು ಇಷ್ಟೇ ಇಷ್ಟಾಗಿತ್ತು. ಯಾರೂ ಕರೆದಿರಲಿಲ್ಲ, ಹಿಡಿದಿರಲಿಲ್ಲ. ಮಾಳವ್ವ ಮುಂದೆ ಹೋಗಲಿಲ್ಲ, ಕೈ ಚಾಚಲಿಲ್ಲ. ತಟ್ಟಿಯನ್ನು ಒಂದು ಗೇಣು ಸರಿಸಿ, ಹಿಂದೆ ಬಂದು ಕೂತಳು. ಮರಿ ಒಳಗೆ ಬಂತು. ಒಮ್ಮೆ ತಿರುಗಿ ದಾರಿ ತೆರೆದೇ ಇದೆಯೇ ಎಂದು ನೋಡಿಕೊಂಡಿತು. ಆಮೇಲೆ ಒಲೆಯ ಬೂದಿಯ ಪಕ್ಕ ಮುದುರಿ ಮಲಗಿತು. ಆ ದಿನ ಮಾಳವ್ವ ಒಲೆ ಹಚ್ಚಿದಳು. ಈ ಸೀಮೆಯಲ್ಲಿ ಮನುಷ್ಯರ ಮನೆಯೊಳಗೆ ಮಲಗಿದ ಮೊದಲ ಕೊತ್ತಿ ಅದೇ ಎನ್ನುತ್ತಾರೆ. ಕೊತ್ತಿಗೆ ಕಂಡಿ ಇಟ್ಟ ಬೆಟ್ಟ ಎಂದು ಹದಿನೇಳು ಊರಿನವರು ಕರೆಯುತ್ತ ಕರೆಯುತ್ತ ಅದು ಕೊತ್ತಿಗಂಡಿಯಾಯಿತು.

ಪಾಳೆಯಗಾರರು ಹೋದರು. ಹೊನ್ನೆಮರದ ಬಾಗಿಲು ಎಂದೋ ಗೆದ್ದಲು ತಿಂದು ಮಣ್ಣಾಗಿದೆ. ಬೆಟ್ಟ ನೋಡಲು ಬಂದವರು ಕೆಳಗಿನ ಊರಿನಲ್ಲಿ ಒಂದು ಸುತ್ತು ಹಾಕಿದರೆ ಮಾತ್ರ, ಪ್ರತಿ ಮನೆಯ ಬಾಗಿಲಿಗೂ ಬಲಗಡೆ ಬುಡದಲ್ಲಿ ಗೇಣೆತ್ತರದ ಒಂದು ಕಂಡಿ ಕಾಣುತ್ತದೆ. ಹಳೆಯ ಬೇವಿನ ಬಾಗಿಲಿಗೂ ಉಂಟು, ಪೇಟೆಯಿಂದ ತಂದ ಪ್ಲೈವುಡ್ಡಿನ ಬಾಗಿಲಿಗೂ ಉಂಟು. ಕೊತ್ತಿ ಸಾಕದವರ ಮನೆಗೂ ಉಂಟು. ಹೋದ ವರ್ಷ ಊರಿನವರು ಕಾಳು ಕೂಡಿಡಲು ಹೊಸ ಗೋದಾಮು ಕಟ್ಟಿಸಿ, ಅದಕ್ಕೆ ಕಬ್ಬಿಣದ ಬಾಗಿಲು ಹಾಕಿಸಿದರು. ವೆಲ್ಡಿಂಗ್‌ನವನು ಹೊರ ಊರಿನವನು. ಬುಡದಲ್ಲಿ ಕಂಡಿ ಇಡಬೇಕೆಂದಾಗ, ಹೊಸ ತಗಡನ್ನು ಯಾಕೆ ಕೊರೆಯಬೇಕು, ಕಳ್ಳರಿಗೆ ಸಲೀಸಾಗುವುದಿಲ್ಲವೇ ಎಂದು ಅವನು ಕೇಳಿದ. ಅಲ್ಲಿ ಕೂತಿದ್ದ ಮುದುಕಿಯೊಬ್ಬಳು ಎದ್ದು ಬಂದು, ಬಾಗಿಲಿನ ಬುಡಕ್ಕೆ ಅಂಗೈ ಊರಿ, ಬೆರಳು ಚಾಚಿ ಒಂದು ಗೇಣು ಅಳತೆ ತೋರಿಸಿ, ಮತ್ತೆ ಹೋಗಿ ತನ್ನ ಜಾಗದಲ್ಲಿ ಕೂತುಕೊಂಡಳು.